ಹಲಗೆ ಸ್ಥಾವರ, ಗುರು ಜಂಗಮ



ನಮ್ಮ ಮಠಗಳ ಶಾಲೆಗಳಿಗೆ ಭಕ್ತರು ಈಗ ಸ್ಮಾರ್ಟ್ ಬೋರ್ಡ್ ಕೊಡಿಸುತ್ತಿದ್ದಾರೆ. ಸಂತೋಷ. ಹಲಗೆಯ ಕೆಳಗೆ ದಾನಿಗಳ ಹೆಸರು, ಉದ್ಘಾಟನೆಗೆ ಹಾರ, ಆಯುಧಪೂಜೆಗೆ ವಿಭೂತಿ. ಆಮೇಲೇನು? ನಾನು ಕಂಡ ಒಂದು ತರಗತಿಯಲ್ಲಿ ಶಿಕ್ಷಕಿ ವಿಡಿಯೊ ಹಾಕಿ ಪಕ್ಕಕ್ಕೆ ನಿಂತರು. ಪೀರಿಯಡ್ ಮುಗಿಯುವವರೆಗೂ ಮಕ್ಕಳು ಸುಮ್ಮನೆ ನೋಡುತ್ತ ಕೂತರು. ಒಂದು ಪ್ರಶ್ನೆಯೂ ಹುಟ್ಟಲಿಲ್ಲ. ತಪ್ಪು ಆ ತಾಯಿಯದಲ್ಲ. ಹಲಗೆಗೆ ಹಣ ಸುರಿದವರು ಅವರಿಗೆ ಒಂದು ದಿನದ ತರಬೇತಿಯನ್ನೂ ಕೊಡಿಸಿರಲಿಲ್ಲ.

ಈ ತಪ್ಪು ಹೊಸದಲ್ಲ. 2001ರಲ್ಲಿ ಸರ್ಕಾರ 'ಮಾಹಿತಿ ಸಿಂಧು' ಹೆಸರಿನಲ್ಲಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಾಗ ಕಲಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಗುತ್ತಿಗೆ ಮುಗಿದಾಗ ಬೋಧಕರು ಹೊರಟುಹೋದರು. ಶಾಲೆಯ ಶಿಕ್ಷಕರಲ್ಲಿ ಆ ವಿದ್ಯೆ ಬೇರೂರಲಿಲ್ಲ. ಅದೇ ಹೊತ್ತಿನಲ್ಲಿ ಪಕ್ಕದ ಕೇರಳ ತನ್ನ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ ತನ್ನ ಶಿಕ್ಷಕರನ್ನೇ ತಯಾರು ಮಾಡಿತು. ಮುಂದೆ ನಮ್ಮಲ್ಲೂ ಕಣ್ಣು ತೆರೆಯಿತು. ಶಿಕ್ಷಕರೇ ಕನ್ನಡದಲ್ಲಿ ಪಾಠ ಸಾಮಗ್ರಿ ಕಟ್ಟಿ ಹಂಚಿಕೊಳ್ಳುವ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಬಂತು. ಡಯಟ್‌ಗಳಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ 'ಟಾಲ್ಪ್' ತರಬೇತಿ ನಡೆಯಿತು. ನಮ್ಮ ಸಂಸ್ಥೆಗಳು ಮಾತ್ರ ಇನ್ನೂ ಹಲಗೆಯ ಹತ್ತಿರವೇ ನಿಂತಿವೆ.

ಅಂತರ್ಜಾಲದ ಮೂಲಕ ಕಲಿಸುವುದೆಂದರೆ ವಿಡಿಯೊ ತೋರಿಸುವುದಲ್ಲ, ಮಕ್ಕಳ ಕೈಗೆ ಕೆಲಸ ಕೊಡುವುದು. 1995ರಲ್ಲಿ ಅಮೆರಿಕದ ಅಧ್ಯಾಪಕ ಬರ್ನಿ ಡಾಡ್ಜ್ 'ವೆಬ್‌ಕ್ವೆಸ್ಟ್' ಎಂಬ ಕ್ರಮವೊಂದನ್ನು ರೂಪಿಸಿದರು. ಮಕ್ಕಳಿಗೆ ಒಂದು ಪ್ರಶ್ನೆ, ಶಿಕ್ಷಕರು ಮೊದಲೇ ಆರಿಸಿಟ್ಟ ಕೆಲವು ಪುಟಗಳು, ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊಣೆ, ಕೊನೆಗೆ ತಮ್ಮದೇ ಮಾತಿನಲ್ಲಿ ಉತ್ತರ. ಇಷ್ಟೇ. ಇದಕ್ಕೆ ದುಬಾರಿ ಹಲಗೆ ಬೇಡ. ಐದು ಮಕ್ಕಳಿಗೆ ಒಂದು ಹಳೆಯ ಕಂಪ್ಯೂಟರ್ ಸಾಕು.

ದೊಡ್ಡಬಳ್ಳಾಪುರವನ್ನೇ ನೋಡಿ. ಅದು ಮಗ್ಗಗಳ ಊರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕಬಹುದಾದ 'ವಚನ ಸಂಚಯ' ಅಂತರ್ಜಾಲದಲ್ಲಿ ಉಚಿತವಾಗಿದೆ. ಎಂಟನೇ ತರಗತಿಯ ಮಕ್ಕಳಿಗೆ ಮಗ್ಗ, ಲಾಳಿ, ನೂಲು, ಹಾಸು ಎಂಬ ನಾಲ್ಕು ಪದ ಕೊಡಿ. ಯಾವ ಶರಣರು ಈ ಪದ ಬಳಸಿದ್ದಾರೆ, ಯಾವ ಅರ್ಥದಲ್ಲಿ? ನೇಕಾರ ಜೇಡರ ದಾಸಿಮಯ್ಯನವರಲ್ಲಿ ಸಿಗುತ್ತದೆಯೇ? ಸಿಗದಿದ್ದರೆ ಅದೂ ಒಂದು ಪ್ರಶ್ನೆಯೇ. ಸಂಜೆ ಮನೆಗೆ ಹೋಗಿ ಮಗ್ಗದ ಮುಂದಿರುವ ಅಪ್ಪ-ಅವ್ವನನ್ನು ಆ ಪದಗಳ ಬಗ್ಗೆ ಕೇಳಲಿ. ತನ್ನ ಮನೆಯ ದುಡಿಮೆಗೂ ಶರಣರ ನುಡಿಗೂ ಇರುವ ನಂಟನ್ನು ಕಂಡುಕೊಂಡ ಮಗು ಕಾಯಕ ಎಂಬ ಮಾತನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಿಲ್ಲ.

ಆದರೆ ಈ ಒಂದು ಪಾಠಕ್ಕೆ ಶಿಕ್ಷಕರು ಎಷ್ಟು ಸಿದ್ಧರಾಗಬೇಕು! 'ಹಾಸು' ಎಂದು ಹುಡುಕಿದರೆ ಹಾಸಿಗೆಯೂ ಬಂದೀತು. ಪದಕ್ಕೆ ವಿಭಕ್ತಿ ಸೇರಿದಾಗ ರೂಪ ಬದಲಾಗುತ್ತದೆ. ನೆಟ್‌ವರ್ಕ್ ಕೈಕೊಟ್ಟರೆಂದು ಪುಟಗಳನ್ನು ಮೊದಲೇ ಉಳಿಸಿಟ್ಟುಕೊಳ್ಳಬೇಕು. ಇದು ಒಂದು ದಿನದ ಭಾಷಣದಿಂದ ಬರುವ ವಿದ್ಯೆಯಲ್ಲ. ಮಾಡಿ, ತಪ್ಪಿ, ಜೊತೆಯವರೊಡನೆ ಕೂತು ತಿದ್ದಿಕೊಂಡಾಗ ಬರುವ ವಿದ್ಯೆ. ಅನುಭವ ಮಂಟಪ ನಮಗೆ ಕಲಿಸಿದ ರೀತಿಯೂ ಇದೇ ಅಲ್ಲವೇ?

ತಾಡವೋಲೆಗಳನ್ನು ಜಗುಲಿಯ ಮೇಲಿಟ್ಟು ಪೂಜಿಸುತ್ತಿದ್ದ ಕಾಲದಲ್ಲಿ ಫ.ಗು. ಹಳಕಟ್ಟಿಯವರು ಅವನ್ನು ಬಿಚ್ಚಿ ಓದಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಗಿ ಜನರ ಕೈ ಸೇರಿತು. ಇಂದು ನಾವು ಪರದೆಗೆ ಹಾರ ಹಾಕುತ್ತಿದ್ದೇವೆ. ಸ್ಥಾವರಪೂಜೆಯನ್ನು ಪ್ರಶ್ನಿಸಿದ ಪರಂಪರೆಯವರು ನಾವು. ಹಲಗೆ ಸ್ಥಾವರ, ಇವತ್ತಲ್ಲ ನಾಳೆ ಕೆಡುತ್ತದೆ. ಕಲಿತ ಶಿಕ್ಷಕ ಜಂಗಮ; ಎಲ್ಲಿ ಹೋದರೂ ಅರಿವು ಜೊತೆಗೆ ಹೋಗುತ್ತದೆ.

ಆದ್ದರಿಂದ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ ಮೂರು ಬಿನ್ನಹ. ಹಲಗೆ ಕೊಡುವ ದಾನಿಗಳಿಂದ ಶಿಕ್ಷಕರ ತರಬೇತಿಗೂ ಒಂದು ಪಾಲು ಕೇಳಿ ಪಡೆಯಿರಿ. ತರಬೇತಿಯ ದಿನಕ್ಕೆ ತಾತ್ಕಾಲಿಕ ಶಿಕ್ಷಕರಿಗೂ ಸಂಬಳ ಕೊಡಿ. ಕಡಿಮೆ ವೇತನದಲ್ಲಿ ದುಡಿಯುವವರ ರಜೆಯನ್ನೂ ಕಸಿದು ಕಾಯಕದ ಮಾತಾಡುವುದು ತರವಲ್ಲ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಮ್ಮ ಶಾಲೆಗಳ ಕಂಪ್ಯೂಟರ್ ಕೋಣೆಗಳನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸರ್ಕಾರಿ ಶಾಲೆಗಳ ಶಿಕ್ಷಕರಿಗೂ ತೆರೆದಿಡಿ. ಯಾವ ಜಾತಿ, ಯಾವ ಸಂಸ್ಥೆ ಎಂದು ಕೇಳುವುದು ಬೇಡ. ಎಲ್ಲರೂ ಒಂದೊಂದು ಚಟುವಟಿಕೆ ಕಟ್ಟಿ ತರಲಿ, ಒಬ್ಬರದನ್ನು ಇನ್ನೊಬ್ಬರು ತಿದ್ದಲಿ, ಪ್ರಸಾದ ಸ್ವೀಕರಿಸಿ ಹೋಗಲಿ.

ಅನ್ನದಾಸೋಹದಲ್ಲಿ ನಮ್ಮ ಮಠಗಳನ್ನು ಮೀರಿಸಿದವರಿಲ್ಲ. ಅರಿವಿನ ದಾಸೋಹಕ್ಕೂ ಅಷ್ಟೇ ದೊಡ್ಡ ಒಲೆ ಹೂಡೋಣ.