ಕುದುರೆ, ನಾಯಿಗಳಿಗೂ ಮಾಲೀಸು
ಕುದುರೆಯ ಮೈಭಾರದಲ್ಲಿ ಸುಮಾರು ಶೇ. 60ರಷ್ಟು ಬೀಳುವುದು ಮುಂಗಾಲುಗಳ ಮೇಲೆ. ನಾಯಿಯದೂ ಹೆಚ್ಚುಕಡಿಮೆ ಅದೇ ಲೆಕ್ಕ. ಹಿಂಗಾಲಿನ ಕೀಲು ನೋಯತೊಡಗಿದ ಮುದಿ ನಾಯಿ ಇನ್ನಷ್ಟು ಭಾರವನ್ನು ಮುಂದಕ್ಕೆ ದಾಟಿಸುತ್ತದೆ. ಆಗ ಸೊಂಟದ ನೋವು ಸಾಲದೆಂಬಂತೆ ಭುಜ, ಕತ್ತಿನ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ. ಮಾಲೀಸು ನೆರವಿಗೆ ಬರುವುದು ಇಲ್ಲಿಯೇ: ಹದವಾಗಿ ನೀವಿ, ಒತ್ತಿ, ನಾದಿದಾಗ ಬಿಗಿತ ಸಡಿಲಗೊಂಡು ನಡಿಗೆ ಸಲೀಸಾಗಬಹುದು. ಕುದುರೆಗಳಿಗೆ ಈ ಉಪಚಾರವನ್ನು ಕ್ರಮಬದ್ಧವಾಗಿ ರೂಪಿಸಿದವರಲ್ಲಿ ಅಮೆರಿಕದ ಜ್ಯಾಕ್ ಮೀಗರ್ ಪ್ರಮುಖರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ವೇಳೆ ಅವರು ತಮ್ಮ ದೇಶದ ಕುದುರೆ ಸವಾರಿ ತಂಡದೊಂದಿಗೆ ಕೆಲಸ ಮಾಡಿದ್ದರು. ಕುದುರೆಗಳಿಗೆ ಇಂಥ ಸ್ಪರ್ಶ ಹೊಸದೇನಲ್ಲ; ಜೊತೆಯ ಕುದುರೆಗಳು ಪರಸ್ಪರ ಕೊರಳ ಬುಡವನ್ನು ಹಲ್ಲಿನಿಂದ ಕೆರೆದುಕೊಡುವುದುಂಟು. ಬೆನ್ನು ಶುರುವಾಗುವ ಆ ಉಬ್ಬಿನ ಬಳಿ ಮನುಷ್ಯನ ಕೈ ನೀವಿದರೂ ಎದೆಬಡಿತ ಇಳಿಯುವುದನ್ನು ಸಂಶೋಧಕರು ಅಳೆದಿದ್ದಾರೆ. ಒತ್ತಡ ಹಿತವಾಯಿತೇ ಎಂಬುದನ್ನು ಪ್ರಾಣಿಯೇ ತಿಳಿಸುತ್ತದೆ. ಕುದುರೆ ತಲೆ ತಗ್ಗಿಸಿ, ಕೆಳದುಟಿ ಜೋಲುಬಿಟ್ಟು, ಕಣ್ಣು ಅರೆಮುಚ್ಚುತ್ತದೆ. ನಾಯಿ ನೀಳವಾಗಿ ಉಸಿರುಬಿಟ್ಟು ಪಕ್ಕಕ್ಕೆ ಒರಗುತ್ತದೆ. ಚರ್ಮ ಅದುರಿದರೆ, ಕಿವಿ ಹಿಂದಕ್ಕೆ ಮಡಿಚಿದರೆ, ಕಚ್ಚಲು ತಿರುಗಿದರೆ ಕೈ ತೆಗೆಯಲೇಬೇಕು. ಮಾಲೀಸಿನ ಪರಿಣಾಮದ ಬಗ್ಗೆ ದೊಡ್ಡ ಪ್ರಮಾಣದ ಅಧ್ಯಯನಗಳು ಇನ್ನೂ ಕಡಿಮೆ. ಆದ್ದರಿಂದ ಔಷಧೋಪಚಾರದ ಜೊತೆಗೇ ಇದು ನಡೆಯಬೇಕು. ಜ್ವರ, ಹಸಿ ಗಾಯ, ಮೂಳೆ ಮುರಿತ, ಗಡ್ಡೆ, ಚರ್ಮದ ಸೋಂಕು ಇದ್ದಾಗ ಮಾಲೀಸು ಸಲ್ಲದು. ನಿನ್ನೆಯವರೆಗೆ ಸರಿಯಾಗಿದ್ದ ಪ್ರಾಣಿ ಇಂದು ಕುಂಟತೊಡಗಿದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು.