ಬಣ್ಣಕ್ಕಿಂತ ಖಾತೆ ಮುಖ್ಯ
2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾದ ಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮನೆ ಮಾರುವವರು ಹೆಚ್ಚಿನ ಬೆಲೆ ನಿರೀಕ್ಷಿಸುವುದು ಸಹಜ. ಆದರೆ ಮಾರಾಟಕ್ಕೆ ಮುನ್ನ ಮಾಡುವ ಎಲ್ಲ ಖರ್ಚೂ ಬೆಲೆಯಾಗಿ ಮರಳದು.

ಸೋರುವ ತಾರಸಿ, ಹಳೆಯ ವೈರಿಂಗ್ ದುರಸ್ತಿ ಸಾರ್ಥಕ. ಕೊಳ್ಳುವವರು ಚೌಕಾಸಿಗೆ ಹಿಡಿಯುವುದು ಇವನ್ನೇ. ಗ್ರಾನೈಟ್ ನೆಲ, ಮಾಡ್ಯುಲರ್ ಅಡುಗೆಮನೆಗಳ ಮಾತು ಬೇರೆ. ಅವರ ಅಭಿರುಚಿ ಹೊಂದದಿದ್ದರೆ ಹಣ ವ್ಯರ್ಥ. ಅನುಮತಿಯಿಲ್ಲದೆ ಮೇಲಂತಸ್ತು ಕಟ್ಟಿದರೆ ಬ್ಯಾಂಕ್ ಸಾಲಕ್ಕೇ ತೊಡಕು.

2024ರಿಂದ ರಾಜ್ಯದಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯ. ಅದಿಲ್ಲದ ಮನೆಗೆ ಎಷ್ಟು ಮೆರುಗು ಕೊಟ್ಟರೂ ವ್ಯವಹಾರ ಮುಂದುವರಿಯದು. ಹೊಸ ಕೋಣೆ ಕಟ್ಟಿಸಿದ ಬಿಲ್ಲುಗಳಿದ್ದರೆ ಆ ವೆಚ್ಚವನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಕಳೆಯಬಹುದು. ಸುಣ್ಣಬಣ್ಣಕ್ಕೆ ಸಾಮಾನ್ಯವಾಗಿ ಆ ಅವಕಾಶವಿಲ್ಲ.

ಮೊದಲು ಕಾಗದಪತ್ರ, ನಂತರ ಸೋರಿಕೆ, ಹಣ ಉಳಿದರೆ ಬಣ್ಣ: ಖರ್ಚಿನ ಕ್ರಮ ಇದಾಗಬೇಕು.