ಒಂದು ಅವ್ಯಯದ ಅನ್ಯಾಯ

ಕನ್ನಡ ಪಾಠ ಹೇಳುವ ನನಗೆ ‘ವರೆಗೆ’ ಎಂಬ ಅವ್ಯಯದ ಮೇಲೆ ಹಗೆಯೇನೂ ಇಲ್ಲ. ಎಲ್ಲೆಯನ್ನು ತೋರಿಸುವ ಸಾಧು ಶಬ್ದ ಅದು. ಆದರೆ ಅಂತರಜಾಲ ಮಾರುವವರ ಕೈಗೆ ಸಿಕ್ಕಿ ಅದು ಮಾಡುತ್ತಿರುವ ಕೆಲಸವನ್ನು ನೋಡಿಯೂ ಸುಮ್ಮನಿರುವುದು ಕಷ್ಟ. ‘100 ಎಂಬಿಪಿಎಸ್ ವರೆಗೆ ವೇಗ!’ ಎಂದು ಸಾರುವಾಗ ನೂರನ್ನು ಅಂಗೈಯಗಲ ಅಚ್ಚು ಹಾಕುತ್ತಾರೆ. ‘ವರೆಗೆ’ಯನ್ನು ಸಾಸಿವೆ ಕಾಳಿನಷ್ಟು ಮಾಡಿ ಮೂಲೆಗೆ ತಳ್ಳುತ್ತಾರೆ. ವಾಕ್ಯದ ಅರ್ಥವೆಲ್ಲ ಅಡಗಿರುವುದು ಆ ಸಾಸಿವೆಯಲ್ಲಿ. ಅವ್ಯಯವೆಂದರೆ ವ್ಯಯವಿಲ್ಲದ್ದು ಎಂದರ್ಥ. ಈ ಅವ್ಯಯದಿಂದ ತಿಂಗಳು ತಿಂಗಳೂ ವ್ಯಯವಾಗುತ್ತಿರುವುದು ಮಾತ್ರ ನಮ್ಮ ಹಣ.

ಹಾಲಿನವನು ‘ಒಂದು ಲೀಟರಿನವರೆಗೆ ಹಾಕುತ್ತೇನೆ, ದುಡ್ಡು ಪೂರ್ತಿ ಲೀಟರಿನದು’ ಎಂದರೆ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಅಂತರಜಾಲದವನು ಅದನ್ನೇ ಹೇಳಿದರೆ, ‘ಇನ್ನಷ್ಟು ಹಣ ಹಾಕಿ 200ರ ಪ್ಲಾನಿಗೆ ಏರೋಣ’ ಎಂದು ಮನೆಮಂದಿಯೆಲ್ಲ ಕೂತು ತೀರ್ಮಾನಿಸುತ್ತೇವೆ!

ಮನೆಗೆ ಬರುವ ಫೈಬರ್ ಎಳೆ ನಮ್ಮೊಬ್ಬರಿಗಾಗಿ ಕೇಂದ್ರದಿಂದ ಹೊರಟು ಬಂದದ್ದಲ್ಲ. ಬಹುವಾಗಿ ಬಳಕೆಯಲ್ಲಿರುವ ‘ಜಿಪಾನ್’ ಎಂಬ ಏರ್ಪಾಟಿನಲ್ಲಿ ಒಂದೇ ಎಳೆ ದಾರಿಯಲ್ಲಿ ಕವಲೊಡೆದು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಆ ಎಳೆ ಮನೆಗಳ ಕಡೆಗೆ ಸೆಕೆಂಡಿಗೆ ಹೊರಬಲ್ಲದ್ದು ಒಟ್ಟು ಸುಮಾರು 2,500 ಮೆಗಾಬಿಟ್. ಮನೆಗಳಿಂದ ಹೊರಕ್ಕೆ, ಅದರ ಅರ್ಧ. 64 ಮನೆಗೂ ನೂರು ನೂರು ಮಾರಿದರೆ ಲೆಕ್ಕ 6,400 ಆಯಿತು. ಎಲ್ಲರೂ ಒಂದೇ ಕ್ಷಣದಲ್ಲಿ ನಲ್ಲಿ ತಿರುಗಿಸುವುದಿಲ್ಲ, ಹಂಚಿಕೊಂಡದ್ದರಿಂದಲೇ ದರ ಕೈಗೆಟಕುವಂತಿದೆ ಎಂದು ಅವರು ವಾದಿಸಬಹುದು. ವಾದ ನಿಜವೇ. ನನ್ನ ತಕರಾರು ಹಂಚಿಕೆಯ ಮೇಲಲ್ಲ, ಮುಚ್ಚುಮರೆಯ ಮೇಲೆ. ರಾತ್ರಿ ಒಂಬತ್ತಕ್ಕೆ ಬೀದಿಯೆಲ್ಲ ಸಿನಿಮಾ ನೋಡುತ್ತಿರುವಾಗ ನನ್ನ ಪಾಲಿಗೆ ಉಳಿಯುವುದೆಷ್ಟು? ನನ್ನ ಕೈಗೆ ಬಂದ ಯಾವ ಬಿಲ್ಲಿನಲ್ಲಿಯೂ ಇದಕ್ಕೆ ಒಂದು ಸಾಲಿನ ಉತ್ತರವಿಲ್ಲ.

ಸಂಜೆಯ ಆನ್‌ಲೈನ್ ತರಗತಿಯಲ್ಲಿ ನನ್ನ ಮಾತು ವಿದ್ಯಾರ್ಥಿಗಳಿಗೆ ತುಂಡು ತುಂಡಾಗಿ ಕೇಳಿಸುತ್ತದೆಂದು ಸೇವಾದಾರರೊಬ್ಬರಿಗೆ ದೂರು ಕೊಟ್ಟಿದ್ದೆ. ‘ದೊಡ್ಡ ಪ್ಲಾನ್ ತಗೊಳ್ಳಿ ಸಾರ್’ ಎಂಬುದೇ ಉತ್ತರ. ಅಂಥ ತರಗತಿಗೆ ಹೋಗುವುದಕ್ಕೂ ಬರುವುದಕ್ಕೂ ಮೂರು ನಾಲ್ಕು ಮೆಗಾಬಿಟ್ ಇದ್ದರೆ ಸಾಕು. ನೂರರಲ್ಲಿ ನಾಲ್ಕು ದಕ್ಕದವನಿಗೆ ಇನ್ನೂರು ಮಾರುವುದು, ಜ್ವರ ಬಂದವನಿಗೆ ದೊಡ್ಡ ಅಂಗಿ ಹೊಲಿಸಿಕೊಟ್ಟಂತೆ. ರೋಗ ಕೆಲವೊಮ್ಮೆ ಮನೆಯೊಳಗೇ ಇರುವುದುಂಟು: ರೂಟರು ಕಬ್ಬಿಣದ ಬೀರುವಿನ ಹಿಂದೆ ಕೂತಿರುತ್ತದೆ, ಇಲ್ಲವೇ ಹಳೆಯ ರೂಟರಿನ ಪೋರ್ಟು ನೂರಕ್ಕಿಂತ ಹೆಚ್ಚನ್ನು ಬಿಡುವಂಥದ್ದೇ ಆಗಿರುವುದಿಲ್ಲ. ಆ ಮನೆಗೆ ಮುನ್ನೂರರ ಪ್ಲಾನು ಮಾರಿದರೆ ಹೆಚ್ಚಿನ ಇನ್ನೂರರಿಂದ ತುಂಬುವುದು ಮಾರಿದವನ ಗಲ್ಲಾಪೆಟ್ಟಿಗೆ ಮಾತ್ರ. ಇದನ್ನು ಪರೀಕ್ಷಿಸಿ ಹೇಳುವುದು ಮಾರುವವನ ಧರ್ಮವಲ್ಲವೆ?

ಸರ್ಕಾರದ ನಿಘಂಟಂತೂ ಬಹು ಉದಾರವಾದದ್ದು. ‘ಬ್ರಾಡ್‌ಬ್ಯಾಂಡ್’ ಎನಿಸಿಕೊಳ್ಳಲು 2004ರಲ್ಲಿ 256 ಕಿಲೋಬಿಟ್ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರ ಜನವರಿಯಲ್ಲಿ 2 ಮೆಗಾಬಿಟ್. ಎಂದರೆ, ನೂರರ ಹಣ ತೆತ್ತವನಿಗೆ ಎರಡು ಸಿಕ್ಕರೂ ಹೆಸರಿಗೆ ಅದು ಬ್ರಾಡ್‌ಬ್ಯಾಂಡೇ! ಟ್ರಾಯ್ ಸಂಸ್ಥೆಯ ಗುಣಮಟ್ಟದ ನಿಯಮಗಳೂ ಉಂಟು. ಅವು ವರದಿಗಳಲ್ಲಿ ಮೆರೆದರೆ ಸಾಲದು, ನಮ್ಮ ಬಿಲ್ಲಿಗೆ ಇಳಿಯಬೇಕು.

ಇದು ಆಗದ ಮಾತಲ್ಲ. ಬ್ರಿಟನ್ನಿನಲ್ಲಿಯೂ ‘ವರೆಗೆ’ಯ ಹಾವಳಿಯಿತ್ತು, ನೂರಕ್ಕೆ ಹತ್ತು ಮಂದಿ ಗಿರಾಕಿಗಳಿಗೆ ದೊರೆಯುವ ವೇಗವನ್ನು ಎಲ್ಲರಿಗೂ ಸಾರಬಹುದಾಗಿತ್ತು. 2018ರ ಮೇ ತಿಂಗಳಲ್ಲಿ ಅಲ್ಲಿನ ಜಾಹೀರಾತು ನಿಯಮ ಬದಲಾಯಿತು: ರಾತ್ರಿ 8ರಿಂದ 10ರ ದಟ್ಟಣೆಯ ಹೊತ್ತಿನಲ್ಲಿ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿಗಾದರೂ ದೊರೆಯುವ ವೇಗವನ್ನೇ ‘ಸರಾಸರಿ’ ಎಂದು ಸಾರತಕ್ಕದ್ದು. ಅದರಿಂದ ಅಲ್ಲಿನ ಕಂಪನಿಗಳೇನೂ ಬಾಗಿಲು ಹಾಕಲಿಲ್ಲ.

ನಮಗೂ ಬೇಕಾದದ್ದು ದಾನವಲ್ಲ, ಲೆಕ್ಕ. ಬಿಲ್ಲಿನ ಮೇಲೆ ಮೂರು ಅಂಕಿಗಳಿರಲಿ: ರಾತ್ರಿಯ ದಟ್ಟಣೆಯಲ್ಲಿ ಸಿಗುವ ವೇಗ, ಮನೆಯಿಂದ ಹೊರಕ್ಕೆ ಹೋಗುವ ವೇಗ, ಇಷ್ಟಕ್ಕಿಂತ ಇಳಿಯದೆಂಬ ಕನಿಷ್ಠ ವೇಗ. ಇವು ಬರುವ ತನಕ ಓದುಗರು ಪ್ಲಾನು ಏರಿಸುವ ಮುನ್ನ ಒಂದು ವಾರ ರಾತ್ರಿ ಒಂಬತ್ತಕ್ಕೆ, ವೈಫೈ ಬಿಟ್ಟು ರೂಟರಿಗೆ ತಂತಿ ಜೋಡಿಸಿ, ವೇಗವನ್ನು ಅಳೆದು ಬರೆದಿಡಲಿ. ಆ ಚೀಟಿಯೊಡನೆ ಕಂಪನಿಗೆ ದೂರು ಕೊಡಲಿ; ಅಲ್ಲಿ ಆಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಲಿ. ದೂರಸಂಪರ್ಕದ ತಕರಾರನ್ನು ಗ್ರಾಹಕ ವೇದಿಕೆಗಳೂ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿಯೇ ತೀರ್ಪು ಕೊಟ್ಟಿದೆ. ಹಾಗೆ ದೂರು ಕೊಡುವವರು ಬೀದಿಗೆ ಹತ್ತು ಮಂದಿ ಹುಟ್ಟಿಕೊಂಡರೆ, ಆ ಸಾಸಿವೆ ಕಾಳು ತಾನಾಗಿ ದಪ್ಪ ಅಕ್ಷರವಾಗುತ್ತದೆ.